ಇಸ್ಫಹಾನಿನ ಪೂಲಗಳು, ನಮ್ಮ ಅಮಾಸಿ ಪೂಲ

ಇರಾಣ ದೇಶದ ಇಸ್ಫಹಾನ್ ಎಂಬ ಊರಿನಲ್ಲಿ ನಾನು ಭಿಕ್ಷೆ ಬೇಡಿದೆ. ಬೇಡುತ್ತಿದ್ದೇನೆಂದು ಗೊತ್ತಿಲ್ಲದೆ ಬೇಡಿದೆ, ಸಿಕ್ಕಿತು ಕೂಡ. ಬೈಲಹೊಂಗಲದಲ್ಲಿ ಡ್ರಾಯಿಂಗ್ ಮಾಸ್ತರನಾಗಿ ಜೀವಮಾನ ಕಳೆದು, ಸೊಟ್ಟ ಗೆರೆ ಎಳೆದವರ ಕಿವಿ ಹಿಂಡಿ, ಪೆನ್ಶನ್ ತೆಗೆದುಕೊಂಡು ಮನೆಯಲ್ಲಿ ಕುಳಿತವನ ಹಣೆಯಲ್ಲಿ ಇದೂ ಬರೆದಿತ್ತು. ನನ್ನ ಹೆಂಡತಿ ಗಂಗವ್ವ ಈ ಸಂಗತಿಯನ್ನು ಆಗಲೇ ಓಣಿಯಲ್ಲೆಲ್ಲ ಉಪ್ಪು ಖಾರ ಹಚ್ಚಿ ಹೇಳಿ ಮುಗಿಸಿದ್ದಾಳೆ. ಉಪ್ಪು ಖಾರ ಹಚ್ಚದೆ ನಡೆದದ್ದನ್ನು ನಡೆದ ಹಾಗೆ ನಾನು ಬರೆಯುತ್ತೇನೆ.

ನಾವು ಹೋದದ್ದು ಬಾಣಂತನಕ್ಕೆ. ಗಂಗವ್ವನ ತವರು ರಾಮದುರ್ಗ, ನೇಕಾರರ ಮನೆ. ಅವಳ ತಮ್ಮ ಶಂಕರ ಇಸ್ಫಹಾನಿನ ಬಟ್ಟೆ ಗಿರಣಿಯೊಂದರಲ್ಲಿ ಮಗ್ಗ ರಿಪೇರಿ ಮಾಡುವ ಮಿಸ್ತ್ರಿ. ಅವನ ಹೆಂಡತಿಗೆ ಚೊಚ್ಚಲ ಹೆರಿಗೆ, ಆ ಹುಡುಗಿಗೆ ತಾಯಿಯಿಲ್ಲ. "ಅಕ್ಕಾ, ನೀನ ಬರಬೇಕು" ಎಂದು ಬರೆದು ಟಿಕೀಟು ಕಳಿಸಿದ. ಹೆಂಗಸೊಬ್ಬಳನ್ನೇ ವಿಮಾನದಲ್ಲಿ ಹೇಗೆ ಕಳಿಸುವುದು ಎಂದು ನಾನು ಜೊತೆಗೆ ಹೊರಟೆ. ಈ ಮನುಷ್ಯನನ್ನು ಮನೆಯಲ್ಲಿ ಬಿಟ್ಟರೆ ಚಹಾ ಕಾಸಿಕೊಳ್ಳಲೂ ಬರುವುದಿಲ್ಲ ಎಂದು ಅವಳು ನನ್ನನ್ನು ಕರೆದುಕೊಂಡು ಹೋದಳು. ಎರಡೂ ನಿಜ.

ಹೊರಡುವಾಗ ನನ್ನ ಮನಸ್ಸಿನಲ್ಲಿ ಒಂದು ಮುಳ್ಳು ಮುರಿದುಕೊಂಡಿತ್ತು. ಅದನ್ನು ಮೊದಲೇ ಹೇಳಿಬಿಡುತ್ತೇನೆ.

ನಮ್ಮದು ಮುರಗೋಡದ ಕಡೆಯ ಸಣ್ಣ ಹಳ್ಳಿ. ನಮ್ಮ ಕೇರಿ ಹಳ್ಳದ ಆಚೆ. ಊರು, ಶಾಲೆ, ಹಿಟ್ಟಿನ ಗಿರಣಿ ಎಲ್ಲ ಈಚೆ. ಮಳೆಗಾಲದಲ್ಲಿ ಹಳ್ಳ ತುಂಬಿದರೆ ನಮಗೆ ಶಾಲೆಯೂ ಇಲ್ಲ, ಹಿಟ್ಟೂ ಇಲ್ಲ. ಊರ ಹಿರಿಯರು "ಮಾಡೂಣು, ಮಾಡೂಣು" ಎಂದರೇ ಹೊರತು ಯಾರೂ ಏನೂ ಮಾಡಲಿಲ್ಲ. ನಮ್ಮಪ್ಪ ಗೌಂಡಿ, ಕಲ್ಲು ಕಟ್ಟುವವನು. ನಮ್ಮ ಕಡೆಯ ಗೌಂಡಿಗಳು ಅಮಾವಾಸ್ಯೆಯ ದಿನ ಕೆಲಸಕ್ಕೆ ಹೋಗುವುದಿಲ್ಲ. ಅಪ್ಪ ಆ ರಜೆಯ ದಿನಗಳಲ್ಲೇ, ತಿಂಗಳಿಗೆ ಒಂದು ದಿನದಂತೆ, ವರ್ಷಗಟ್ಟಲೆ ಕೂತು ನಮ್ಮ ಹೊಲದ ಅಂಚಿನಲ್ಲಿ ಮೂರು ಕಮಾನಿನ ಪೂಲ ಕಟ್ಟಿದ. ಪೂಲ ಅಂದರೆ ಸೇತುವೆ. ನಮ್ಮ ಜನ ಸೇತುವೆ ಎನ್ನುವುದು ಪುಸ್ತಕ ಓದುವಾಗ ಮಾತ್ರ. ಅಮಾಸಿ ದಿನ ಕಟ್ಟಿದ್ದು ನಿಲ್ಲುವುದಿಲ್ಲ ಎಂದು ನಕ್ಕವರೂ ಅದರ ಮೇಲೆಯೇ ದಾಟಿದರು. ಹೆಸರು ಅಮಾಸಿ ಪೂಲ ಎಂದೇ ಉಳಿಯಿತು.

ಈಗ ಅದರ ಸ್ವಲ್ಪ ಮೇಲೆ, ಬಸ್ಸು ದಾಟುವಂಥ ಸಿಮೆಂಟಿನ ಪೂಲ ಬರುವುದಿತ್ತು. ಅಪ್ಪನ ಪೂಲ ಕೆಡವಿ ಅದರ ಕಲ್ಲನ್ನು ಕೊಡಿರೆಂದು ಗುತ್ತೇದಾರ ಕೇಳಿದ. ಜಾಗ ನಮ್ಮದಾದ್ದರಿಂದ ನಾನೂ ತಮ್ಮ ಯಲ್ಲಪ್ಪನೂ ಹೂಂ ಅನ್ನಬೇಕು. ಯಲ್ಲಪ್ಪ ಹೊಲ ಮಾಡುವವನು. ಅವನ ಜೋಡಿಯಲ್ಲಿ ಒಂದು ಎತ್ತು ಸತ್ತಿತ್ತು. ಕಲ್ಲು ಕೊಟ್ಟರೆ ಸಿಗುವ ರೊಕ್ಕಕ್ಕೆ ಎತ್ತು ಬರುತ್ತಿತ್ತು.

"ಅಣ್ಣಾ, ಹೊಸಾ ಪೂಲ ಬಂದ ಮ್ಯಾಲ ಇದನ್ನ ಯಾರ ದಾಟತಾರ? ಕೊಟ್ಟಬಿಡೂಣು" ಎಂದ.

"ಅಪ್ಪನ ಕೈ ಮುರದ ಕೊಟ್ಟಂಗ ಆತಲ್ಲೋ ಅದು" ಎಂದೆ.

"ನೀ ಪೆನ್ಶನ್ ತಗೊಂಡ ಕುಂತಿ. ನೇಗಿಲ ಹಿಂದ ಅಡ್ಡಾಡಾಂವ ನಾನು."

ಮಾತು ನಿಜವಾಗಿತ್ತು, ಅದಕ್ಕೇ ನನಗೆ ಸಿಟ್ಟು ನೆತ್ತಿಗೇರಿತು. "ನಾ ಬರೂತನ ಒಂದ ಕಲ್ಲ ಮುಟ್ಟಬ್ಯಾಡ" ಎಂದು ಹೇಳಿ, ಅವನ ಮನೆಯಲ್ಲಿ ಇಟ್ಟಿದ್ದ ಚಹಾ ಕುಡಿಯದೆ ಬಸ್ಸು ಹತ್ತಿದೆ.

ತೆಹರಾನ್: ಗಂಟಿನೊಳಗಿನ ರೊಟ್ಟಿ

ವಿಮಾನದ ಬಗ್ಗೆ ಹೇಳಲು ನನ್ನಲ್ಲಿ ಏನೂ ಇಲ್ಲ, ಕಣ್ಣು ಮುಚ್ಚಿಕೊಂಡಿದ್ದೆ. ಇಳಿದ ಮೇಲೆ ಸಾಮಾನು ತಪಾಸಣೆ. ಗಂಗವ್ವನ ಗಂಟಿನಲ್ಲಿ ಕಟಕ ರೊಟ್ಟಿ, ಶೇಂಗಾ ಚಟ್ನಿ, ಬಾಣಂತಿಗೆಂದು ಅಂಟಿನುಂಡಿ. ಅಧಿಕಾರಿ ಒಂದು ರೊಟ್ಟಿ ಎತ್ತಿ ಬೆಳಕಿಗೆ ಹಿಡಿದ, ಬೆರಳಿನಿಂದ ಬಡಿದ, ಕಿವಿಯ ಹತ್ತಿರ ತಂದು ಇನ್ನೊಮ್ಮೆ ಬಡಿದ. ತಿನ್ನುವ ವಸ್ತು ಇಷ್ಟು ಸದ್ದು ಮಾಡುತ್ತದೆಂದು ಅವನಿಗೆ ನಂಬಿಕೆ ಬರಲಿಲ್ಲ.

"ತಿನ್ನಪಾ, ತಿಂದ್ರ ತಿಳೀತದ" ಎಂದು ಗಂಗವ್ವ ಒಂದು ಚೂರು ಮುರಿದು ಚಟ್ನಿ ಹಚ್ಚಿ ಕೊಟ್ಟಳು.

ತಿಂದ. ಕಣ್ಣಲ್ಲಿ ನೀರು ಬಂತು. ಒರೆಸಿಕೊಂಡು ಪಕ್ಕದ ಮೇಜಿನವನನ್ನು ಕರೆದು ಅವನಿಗೂ ತಿನ್ನಿಸಿದ. ಅವನು ಮೂರನೆಯವನನ್ನು ಕರೆದ. ಎರಡು ರೊಟ್ಟಿ ಖರ್ಚಾದವು. ನಮ್ಮ ಪೆಟ್ಟಿಗೆಗಳನ್ನು ಮಾತ್ರ ಯಾರೂ ತೆರೆಯಲಿಲ್ಲ.

ಅಲ್ಲಿಂದ ಇಸ್ಫಹಾನಿಗೆ ಬಸ್ಸು. ದಾರಿಯುದ್ದ ಬೋಳು ಗುಡ್ಡ, ಬೇಸಿಗೆಯಲ್ಲಿ ಸವದತ್ತಿಯಿಂದ ಉಗರಗೋಳದ ಕಡೆ ಹೋದ ಹಾಗೆಯೇ. ಹಳ್ಳಿಗಳ ಮಣ್ಣಿನ ಗೋಡೆ ನೋಡಿ ಗಂಗವ್ವ, "ಇದನ್ನ ನೋಡಾಕ ಇಷ್ಟ ದೂರ ಬರಬೇಕಾಗಿತ್ತೇನ್ರಿ, ಕಿತ್ತೂರಿಗೆ ಹೋಗಿದ್ರ ಸಾಕಿತ್ತು" ಎಂದಳು. ನಿಲ್ದಾಣದಲ್ಲಿ ಶಂಕರ ಕಾಯುತ್ತಿದ್ದ.

"ಮಾಮಾ, ಭಾಷಾಕ್ಕ ಹೆದರಬ್ಯಾಡ್ರಿ. ಅರ್ಧ ನಮ್ಮದ ಐತಿ" ಎಂದ. ಬಾಜಾರ ಅಂದರೆ ಬಾಜಾರ, ದುಕಾನ ಅಂದರೆ ದುಕಾನ, ಜಮೀನು ಅಂದರೆ ನೆಲ, ಹವಾ ಅಂದರೆ ಹವಾ, ಪರದೆ ಅಂದರೆ ಪರದೆ. ನನಗೆ ಭಾರೀ ಹುರುಪು ಬಂತು. ನಾಳೆಯಿಂದ ನಾನೊಬ್ಬನೇ ಊರು ಸುತ್ತುತ್ತೇನೆ, ಎಲ್ಲಿ ಅನ್ನುವುದಕ್ಕೆ ಏನೆನ್ನುತ್ತಾರೆ ಅಷ್ಟು ಹೇಳಿಕೊಡು ಎಂದೆ. 'ಕುಜಾ' ಎಂದು ಹೇಳಿಕೊಟ್ಟ.

ಮೊದಲ ವಾರ: ಪೂಲ್ ಕುಜಾ?

ಇಸ್ಫಹಾನಿನ ನಡುವೆ ಝಾಯಂದೆ ಎಂಬ ಹೊಳೆ ಹರಿಯುತ್ತದೆ. ಅದರ ಮೇಲೆ ಹಳೆಯವೂ ಹೊಸವೂ ಆದ ಪೂಲಗಳಿವೆ ಎಂದು ಶಂಕರ ಕಾಗದದಲ್ಲಿ ಬರೆದಿದ್ದ. ಗೌಂಡಿಯ ಮಗ ನಾನು, ಮೊದಲು ನೋಡಬೇಕಾದದ್ದು ಅವನ್ನೇ. ಮರುದಿನ ಬೆಳಿಗ್ಗೆ ಧೋತರ, ಕೋಟು, ಕರಿ ಟೊಪ್ಪಿಗೆ ಹಾಕಿಕೊಂಡು, ಕೈಯಲ್ಲಿ ಕೋಲು ಹಿಡಿದು ಹೊರಟೆ. ಹೊಳೆ ಯಾವ ಕಡೆ ಎಂಬುದು ಎರಡನೇ ತಿರುವಿನಲ್ಲಿಯೇ ತಪ್ಪಿತು.

ಒಬ್ಬ ರೊಟ್ಟಿಯಂಗಡಿಯವನ ಮುಂದೆ ನಿಂತು ಸ್ಪಷ್ಟವಾಗಿ ಕೇಳಿದೆ. "ಪೂಲ್ ಕುಜಾ?"

ಅವನು ಗಲ್ಲಾಪೆಟ್ಟಿಗೆಯ ಮೇಲೆ ಕೈ ಇಟ್ಟುಕೊಂಡ. ಕೇಳಿಸಲಿಲ್ಲವೇನೋ ಎಂದು ಕೋಲನ್ನು ನೆಲಕ್ಕೆ ಕುಟ್ಟಿ ಇನ್ನೊಮ್ಮೆ ಗಟ್ಟಿಯಾಗಿ ಕೇಳಿದೆ. ಅವನು ಒಳಗಿನಿಂದ ಇಬ್ಬರನ್ನು ಕರೆದ. ಮೂವರೂ ನನ್ನನ್ನೇ ನೋಡುತ್ತ ನಿಂತರು. ಇವರಿಗೆ ತಮ್ಮ ಊರಿನ ಪೂಲವೇ ಗೊತ್ತಿಲ್ಲವಲ್ಲ ಎಂದುಕೊಂಡು ಮುಂದೆ ನಡೆದೆ. ಬಟ್ಟೆಯಂಗಡಿಯಲ್ಲಿ ಕೇಳಿದೆ, ಹಣ್ಣಿನ ಗಾಡಿಯಲ್ಲಿ ಕೇಳಿದೆ. ಗಾಡಿಯವನು ತಳ್ಳಿಕೊಂಡು ಹೊರಟೇಬಿಟ್ಟ.

ಕೊನೆಗೆ ಕಟ್ಟೆಯ ಮೇಲೆ ಚಹಾ ಕುಡಿಯುತ್ತ ಕೂತಿದ್ದ ಒಬ್ಬ ಮುದುಕ ಸಿಕ್ಕ. ನನ್ನ ಉಚ್ಚಾರ ಸರಿಯಿಲ್ಲವೇನೋ ಎಂದು ಈ ಸಲ ಕೈಯಿಂದಲೂ ತೋರಿಸಿದೆ. ಪೂಲದ ಮೇಲ್ಭಾಗ ಸಪಾಟಾಗಿರುತ್ತದಲ್ಲ, ಹಾಗೆ ಅಂಗೈ ಮೇಲೆ ಮಾಡಿ ಅವನ ಮುಂದೆ ಚಾಚಿ, "ಪೂಲ್, ಪೂಲ್" ಎಂದೆ.

ಮುದುಕ ನನ್ನ ಟೊಪ್ಪಿಗೆಯಿಂದ ಚಪ್ಪಲಿಯವರೆಗೆ ನೋಡಿದ. ನಿಟ್ಟುಸಿರು ಬಿಟ್ಟ. ಕಿಸೆಯಿಂದ ಒಂದು ನಾಣ್ಯ ತೆಗೆದು ನನ್ನ ಅಂಗೈಯಲ್ಲಿಟ್ಟು, ತನ್ನ ಎರಡೂ ಕೈಗಳಿಂದ ನನ್ನ ಬೆರಳು ಮಡಚಿದ. ಆಮೇಲೆ ಪಕ್ಕದಲ್ಲಿ ಕೂರಿಸಿ ಚಹಾ ಕೊಡಿಸಿದ. ಹೊಸಬರ ಕೈಯಲ್ಲಿ ನಾಣ್ಯ ಇಟ್ಟು ಬರಮಾಡಿಕೊಳ್ಳುವ ಪದ್ಧತಿ, ಎಂಥ ದೊಡ್ಡ ಜನ ಎಂದುಕೊಂಡು ಕೈಮುಗಿದು ಮನೆಗೆ ಬಂದೆ.

ನಾಣ್ಯ ತೋರಿಸಿ ನಡೆದದ್ದನ್ನು ಹೇಳಿದೆ. ಶಂಕರ ನಕ್ಕು ನಕ್ಕು ನೆಲಕ್ಕೆ ಕೂತ. "ಮಾಮಾ, ಇಲ್ಲಿ ಪೂಲ್ ಅಂದ್ರ ರೊಕ್ಕ. ಪೂಲಕ್ಕ ಇವರು ಪೋಲ್ ಅಂತಾರ. ನೀವು ಊರ ತುಂಬ 'ರೊಕ್ಕ ಎಲ್ಲೈತಿ, ರೊಕ್ಕ ಎಲ್ಲೈತಿ' ಅಂತ ಕೋಲ ಕುಟ್ಟಿ ಕೇಳಿ ಬಂದೀರಿ."

"ಮಾಸ್ತರಕಿ ಬಿಟ್ಟ ಮ್ಯಾಲ ಚಲೋ ಕಸಬ ಹಿಡದ್ರಿ" ಎಂದಳು ಗಂಗವ್ವ.

ಅಂದಿನಿಂದ ಆ ಮನೆಯಲ್ಲಿ ರೊಕ್ಕಕ್ಕೆ ಪೂಲ್ ಎಂದೇ ಹೆಸರು ಬಿತ್ತು. "ಮಾಮಾ, ಕಾಯಿಪಲ್ಲೆಕ್ಕ ಪೂಲ್ ಕೊಡ್ಲೇನ್ರಿ?" ಎಂದು ಶಂಕರ ಕೇಳುವನು. ಇನ್ನೊಮ್ಮೆ ತಪ್ಪಬಾರದೆಂದು ನಾನು ಕಾಗದ ತೆಗೆದುಕೊಂಡು, ಶಿಕ್ಷೆಗೆ ಹುಡುಗರಿಂದ ಬರೆಸುತ್ತಿದ್ದ ಹಾಗೆ, 'ಪೂಲ್ ಅಂದರೆ ರೊಕ್ಕ' ಎಂದು ಇಪ್ಪತ್ತು ಸಲ ಬರೆದೆ. ಮಾತು ನಾಲಗೆಗೆ ಗಟ್ಟಿಯಾಗಿ ಕೂತಿತು. ಕೂರಬಾರದಷ್ಟು ಗಟ್ಟಿಯಾಗಿ ಕೂತಿತು ಎಂಬುದು ಮುಂದೆ ಗೊತ್ತಾಯಿತು.

ಮೂವತ್ತಮೂರು ಕಮಾನು

ನಾಣ್ಯ ತಿರುಗಿ ಕೊಡಲು ಶಂಕರನನ್ನು ಕರೆದುಕೊಂಡು ಹೋದೆ. ಮುದುಕನ ಹೆಸರು ಆಗಾ ಹಸನ್. ಆ ಊರಿನಲ್ಲಿ ಬಟ್ಟೆಯ ಮೇಲೆ ಮರದ ಅಚ್ಚು ಒತ್ತಿ ಬಣ್ಣ ಹಾಕುತ್ತಾರೆ. ಒತ್ತಿದ ಬಟ್ಟೆಯನ್ನು ಹೊಳೆಯಲ್ಲಿ ತೊಳೆದು ದಂಡೆಯಲ್ಲಿ ಒಣಹಾಕುತ್ತಾರೆ. ಆಗಾ ಹಸನ್ ಜೀವಮಾನವಿಡೀ ಮೊಣಕಾಲು ನೀರಿನಲ್ಲಿ ನಿಂತು ಆ ಬಟ್ಟೆ ತೊಳೆದವನು. ಪೂಲಗಳನ್ನು ಕೆಳಗಿನಿಂದ ಬಲ್ಲವನು. ಕೊಟ್ಟದ್ದನ್ನು ತಿರುಗಿ ತೆಗೆದುಕೊಳ್ಳುವುದಿಲ್ಲ ಎಂದು ಎದೆಯ ಮೇಲೆ ಕೈ ಇಟ್ಟುಕೊಂಡ. ನಿಜ ಸಂಗತಿ ಕೇಳಿದ ಮೇಲೆ ನಗಲಿಲ್ಲ, ಎದ್ದು ನಿಂತು "ಪೋಲ್, ಪೋಲ್" ಎಂದು ನನ್ನ ಕೈ ಹಿಡಿದು ನಡೆಸಿಕೊಂಡೇ ಹೋದ.

ಮೊದಲು ತೋರಿಸಿದ್ದು ಮೂವತ್ತಮೂರು ಕಮಾನಿನ ಪೂಲ. ಹೆಸರೇ ಹಾಗೆ. ನಾನು ಎಣಿಸಿದೆ, ಮೂವತ್ತನಾಲ್ಕು ಬಂತು. ಮತ್ತೆ ಎಣಿಸಿದೆ, ಮೂವತ್ತೆರಡು ಬಂತು. ಆಗಾ ಹಸನ್ ನನ್ನ ತೋಳು ಹಿಡಿದು ಚಹಾದ ಅಂಗಡಿಗೆ ಕರೆದೊಯ್ದ. ಅಂಗಡಿ ಪೂಲದ ಕೆಳಗೇ, ಕಮಾನಿನೊಳಗೇ ಇದೆ. ಪಕ್ಕದಲ್ಲೇ ನೀರು ಹರಿಯುತ್ತದೆ. ಅಲ್ಲಿಯ ಜನ ಸಕ್ಕರೆಯನ್ನು ಚಹಾಕ್ಕೆ ಹಾಕುವುದಿಲ್ಲ. ಗಟ್ಟಿ ತುಂಡನ್ನು ಹಲ್ಲಿನ ನಡುವೆ ಕಚ್ಚಿಕೊಂಡು ಚಹಾ ಹೀರುತ್ತಾರೆ. ನನ್ನ ಮುಂದಿನ ಎರಡು ಹಲ್ಲು ಇಲ್ಲ. ತುಂಡು ಜಾರಿ ಗಂಟಲಿಗೆ ಹೋಯಿತು. ಬೆನ್ನು ಗುದ್ದಲು ನಾಲ್ಕು ಜನ ಎದ್ದು ಬಂದರು.

ಪೂಲ ಅಂದರೆ ನಮ್ಮಲ್ಲಿ ದಾಟಿಹೋಗುವ ಜಾಗ. ನಿಂತರೆ ಹಿಂದಿನ ಗಾಡಿಯವನು ಬೈಯುತ್ತಾನೆ. ಅಲ್ಲಿ ಜನ ಪೂಲಕ್ಕೆ ಕೂರಲು ಹೋಗುತ್ತಾರೆ. ಒಂದೊಂದು ಕಮಾನಿನಲ್ಲಿ ಒಂದೊಂದು ಹರಟೆ. ಬೀಗತನದ ಮಾತೂ ಅಲ್ಲೇ, ವ್ಯಾಜ್ಯದ ಮಾತೂ ಅಲ್ಲೇ.

ಊರ ಹೊರಗೆ ಎಲ್ಲಕ್ಕಿಂತ ಹಳೆಯ ಪೂಲವೊಂದಿದೆ, ಶಹರಿಸ್ತಾನದ್ದು. ಅದರ ಕಮಾನುಗಳು ಒಂದರಂತೆ ಒಂದಿಲ್ಲ. ಒಂದು ದೊಡ್ಡದು, ಒಂದು ಸಣ್ಣದು, ಗಟ್ಟಿ ಬಂಡೆ ಸಿಕ್ಕಲ್ಲಿ ಕಂಬ ಇಟ್ಟುಕೊಂಡು ಹೋದಂತಿದೆ. ನಮ್ಮಪ್ಪನ ಪೂಲದ ನಡುಗಮಾನು ಸ್ವಲ್ಪ ಬಲಕ್ಕೆ ವಾಲಿದೆ. ಡ್ರಾಯಿಂಗ್ ಮಾಸ್ತರನಾದ ಮೇಲೆ ಅದನ್ನು ನೋಡಿದಾಗಲೆಲ್ಲ ನನಗೆ ಒಳಗೇ ನಾಚಿಕೆಯಾಗುತ್ತಿತ್ತು, ಗೆಳೆಯರನ್ನು ಆ ದಾರಿಯಿಂದ ಕರೆತರುತ್ತಿರಲಿಲ್ಲ. ಶಹರಿಸ್ತಾನದ ದಂಡೆಯಲ್ಲಿ ಕೂತು ಆ ಸೊಟ್ಟ ಕಮಾನುಗಳ ಚಿತ್ರ ತೆಗೆಯುತ್ತಿದ್ದಾಗ ಅಪ್ಪನ ನೆನಪಾಗಿ ಕಣ್ಣು ತುಂಬಿತು.

ಕಬ್ಬಿಣದ ಪೂಲ

ಹೊಸದನ್ನು ಬೈಯುವ ಮುದುಕ ನಾನಲ್ಲ. ಇಸ್ಫಹಾನಿನಲ್ಲಿ ಒಂದು ಕಬ್ಬಿಣದ ಪೂಲವೂ ಇದೆ. ಗೆರೆಯೆಲ್ಲ ಅಡ್ಡಪಟ್ಟಿ ಇಟ್ಟು ಎಳೆದ ಹಾಗೆ ನೇರ. ಲಾರಿಗಳು ಹೋಗುವಾಗ ಕಾಲಿನ ಕೆಳಗೆ ಸಣ್ಣಗೆ ನಡುಗುತ್ತದೆ, ಆ ನಡುಕ ಕೂಡ ನನಗೆ ಹಿಡಿಸಿತು. ಅಲ್ಲಿ ನಿಂತು ನೀರು ಹರಿಯುವ ಕಡೆ ನೋಡಿದರೆ ಮೂವತ್ತಮೂರು ಕಮಾನಿನದು ಕಾಣುತ್ತದೆ.

"ಇದು ಬಂದ ಮ್ಯಾಲ ಹಳೇದರ ಕಲ್ಲ ಕಿತ್ತ ಒಯ್ಯೂಣು ಅಂತ ಯಾರೂ ಅನಲಿಲ್ಲೇನು, ಕೇಳು" ಎಂದು ಶಂಕರನಿಗೆ ಹೇಳಿದೆ.

ಆಗಾ ಹಸನನಿಗೆ ಪ್ರಶ್ನೆಯೇ ತಿಳಿಯಲಿಲ್ಲ. ಮೂರು ಸಲ ಕೇಳಿಸಿಕೊಂಡ. ಆಮೇಲೆ ಹೇಳಿದ್ದನ್ನು ಶಂಕರ ನನಗೆ ತಿಳಿಸಿದ. "ಲಾರಿ ಹೊಸದರ ಮ್ಯಾಲ ಹೋಗ್ಲಿ. ನಾವ ಎಲ್ಲೆ ಕುಂದ್ರೂಣು ಅಂತ ಕೇಳಾಕತ್ತಾರ."

ಆ ವಾರ ಶಂಕರನಿಗೆ ಹೆಣ್ಣುಮಗು ಹುಟ್ಟಿತು. ತಾಯಿ ಮಗು ಆರಾಮ. ಗಂಗವ್ವನಿಗೆ ಮೈತುಂಬ ಕೆಲಸ, ನನಗೆ ಮೈತುಂಬ ಖುಷಿ. ಮಗುವಿಗೆ ಹದಿನೈದು ದಿನವಾದಾಗ ಯಲ್ಲಪ್ಪನ ಕಾಗದ ಬಂತು.

'ಅಣ್ಣಾ, ಗುತ್ತೇದಾರ ಇನ್ನ ಕಾಯೂದಿಲ್ಲ ಅಂತಾನ. ಅಮಾಸಿ ಮುಗದ ಮರದಿನ ಕೆಡವಾಕ ಹಾರಿ ಹಚ್ಚತಾರಂತ. ಕಲ್ಲಿನ ರೊಕ್ಕ ಬೇಕೋ ಬ್ಯಾಡೋ, ಒಂದ ಮಾತಿನ್ಯಾಗ ತಾರ ಕೊಡು. ನೀ ಅಂದಂಗ ಮಾಡತೇನಿ.'

ಕಾಗದ ಬರುವಷ್ಟರಲ್ಲಿ ಬುಧವಾರವಾಗಿತ್ತು. ಅಮಾವಾಸ್ಯೆ ಬರುವ ರವಿವಾರ.

ಗುರುವಾರ: ತಾರಿನ ಕಚೇರಿ

ಬೆಳಿಗ್ಗೆ ಎದ್ದವನೇ ಒಬ್ಬನೇ ತಾರಿನ, ಅಂದರೆ ಟೆಲಿಗ್ರಾಮಿನ, ಕಚೇರಿಗೆ ಹೋದೆ. ತೀರ್ಮಾನ ಕಬ್ಬಿಣದ ಪೂಲದ ಮೇಲೆಯೇ ಆಗಿತ್ತು. ರೊಕ್ಕ ಬೇಡ, ಕಲ್ಲು ಅಲ್ಲೇ ಇರಲಿ. ತಮ್ಮ ಒಂದು ಮಾತಿನಲ್ಲಿ ಕೊಡು ಎಂದಿದ್ದ. ಇಂಗ್ಲಿಷ್ ಅಕ್ಷರಗಳಲ್ಲಿ ಎರಡೇ ಶಬ್ದ ಬರೆದೆ. ಪೂಲ್ ಬೇಡ.

ಕಾರಕೂನ ಮೊದಲ ಶಬ್ದ ಓದಿ ನಕ್ಕ. "ಪೂಲ್?" ಎಂದು ಹೆಬ್ಬೆರಳು ತೋರುಬೆರಳು ತಿಕ್ಕಿ ರೊಕ್ಕದ ಸನ್ನೆ ಮಾಡಿದ. ಹೌದು ಹೌದು ಎಂದು ತಲೆಯಾಡಿಸಿದೆ. ಕೊನೆಗೂ ನನ್ನ ಫಾರ್ಸಿ ಒಬ್ಬನಿಗೆ ಸರಿಯಾಗಿ ತಿಳಿಯಿತಲ್ಲ ಎಂದು ಕೋಲು ಬೀಸುತ್ತ ಮನೆಗೆ ಬಂದೆ.

ಶುಕ್ರವಾರ: ಖಾಜೂ

ಶುಕ್ರವಾರ ಅಲ್ಲಿ ರಜೆ. ಇಡೀ ಊರು ಗಂಟು ಕಟ್ಟಿಕೊಂಡು ಖಾಜೂ ಪೂಲಕ್ಕೆ ಬರುತ್ತದೆ. ಬಾಣಂತಿಯನ್ನು ನೆರೆಮನೆಯಾಕೆಗೆ ಒಪ್ಪಿಸಿ ಗಂಗವ್ವನೂ ಮೊದಲ ಸಲ ಹೊರ ಬಂದಳು. ಎರಡು ಅಂತಸ್ತಿನ ಪೂಲ. ಕೆಳಗೆ ಅಗಲವಾದ ಮೆಟ್ಟಿಲುಗಳು ನೀರಿಗೆ ಇಳಿದಿವೆ, ತೂಬುಗಳಿಂದ ನೀರು ಭೋರೆಂದು ಬೀಳುತ್ತದೆ. ಕಮಾನಿನ ನೆರಳಿನಲ್ಲಿ ಒಬ್ಬ ಎತ್ತಿನ ಗಾಡಿ ಹೊಡೆಯುವವನಂತೆ ಕಿವಿಗೆ ಕೈಯಿಟ್ಟು ಹಾಡುತ್ತಿದ್ದ. ನಾವು ಆಗಾ ಹಸನನ ಜಮಖಾನೆಯ ಮೇಲೆ ಕೂತೆವು. ಗಂಗವ್ವ ಸೌತೆಕಾಯಿ ಹೆಚ್ಚುತ್ತಿದ್ದಳು. ತಾರು ಕೊಟ್ಟ ಸುದ್ದಿಯನ್ನು ನಾನು ಮೀಸೆ ತಿರುವಿಕೊಂಡು ಹೇಳಿದೆ.

"ಏನಂತ ಬರದ್ರಿ?" ಎಂದಳು.

"ಪೂಲ್ ಬ್ಯಾಡ ಅಂತ."

ಅವಳ ಚಾಕು ನಿಂತಿತು. "ಯಾವ ಭಾಷಾದಾಗ್ರಿ?"

ಪೂಲ್ ಬೇಡ. ಇಸ್ಫಹಾನಿನಲ್ಲಿ ಅದರ ಅರ್ಥ ರೊಕ್ಕ ಬೇಡ. ಮುರಗೋಡದ ಅಂಚೆಯವನು ಓದಿ ಹೇಳಿದರೆ ಅದರ ಅರ್ಥ ಒಂದೇ. ನಮ್ಮಪ್ಪನ ಪೂಲ ಬೇಡ, ಕೆಡವಿರಿ ಎಂದು ನಾನೇ ನನ್ನ ಕೈಯಾರೆ ಬರೆದು ಕಳಿಸಿದ್ದೆ. ಅದೂ ಕೆಡವಬೇಕೆಂದು ಕಾಯುತ್ತಿದ್ದ ತಮ್ಮನಿಗೆ.

"ಕಚೇರಿ ಇವತ್ತ ಬಂದ್ ಇರತದ್ರಿ ಮಾಮಾ" ಎಂದ ಶಂಕರ ಮೆಲ್ಲಗೆ.

ನಾನು ತಲೆಯ ಮೇಲೆ ಕೈ ಹೊತ್ತು ಕೂತೆ. ಶಂಕರ ಎಲ್ಲವನ್ನೂ ಬಿಡಿಸಿ ಹೇಳಿದ ಮೇಲೆ ಆಗಾ ಹಸನ್ ಎದ್ದು ಪೂಲದುದ್ದಕ್ಕೂ ಒಂದೊಂದೇ ಕಮಾನಿನಲ್ಲಿ ಇಣುಕುತ್ತ ಹೋದ. ಊರೆಲ್ಲ ಅಲ್ಲೇ ಇರುವಾಗ ಕಾರಕೂನ ಎಲ್ಲಿಗೆ ಹೋಗುತ್ತಾನೆ? ಕಾಲು ಗಂಟೆಯಲ್ಲಿ ಅವನ ಕೈ ಹಿಡಿದುಕೊಂಡು ಬಂದ. ಕಾರಕೂನ ಬಾಯಲ್ಲಿದ್ದ ತುತ್ತು ನುಂಗಿ, ಕಚೇರಿಯ ಬೀಗ ತನ್ನ ಬಳಿ ಇಲ್ಲ, ನಾಳೆ ಬಾಗಿಲು ತೆಗೆಯುವ ಮುಂಚೆಯೇ ಬನ್ನಿ, ಮೊದಲು ನಿಮ್ಮದೇ ಎಂದ. ಹೋಗುವಾಗ ಅವನೂ ನನ್ನ ಬೆನ್ನು ತಟ್ಟಿದ.

ಶನಿವಾರ ಬೆಳಿಗ್ಗೆ ಎರಡನೇ ತಾರು ಹೋಯಿತು. 'ಸೇತುವೆ ಇರಲಿ. ಕಲ್ಲು ಮುಟ್ಟಬೇಡ.' ಪೂಲ ಎಂಬ ಶಬ್ದ ಬರೆಯಲು ನನಗೆ ಧೈರ್ಯವಾಗಲಿಲ್ಲ.

ಊರಿನಿಂದ ಉತ್ತರ ಬರಲಿಲ್ಲ. ಇನ್ನೊಂದು ತಿಂಗಳು ಅಲ್ಲಿದ್ದೆವು. ಮಗುವಿಗೆ ಎಣ್ಣೆ ಹಚ್ಚಿ ಎರೆಯುವುದನ್ನು ನೋಡುವುದು, ಸಂಜೆ ಆಗಾ ಹಸನನ ಜೊತೆ ಕೂತು ಚಹಾ ಕುಡಿಯುವುದು. ಯಾವ ಕಮಾನು ನೋಡಿದರೂ ಅಪ್ಪನ ಮೂರು ಕಮಾನು ನಿಂತಿವೆಯೋ ಇಲ್ಲವೋ ಎಂಬ ಒಂದೇ ಚಿಂತೆ. ಬೀಳ್ಕೊಡುವಾಗ ಆಗಾ ಹಸನ್ ಅಚ್ಚಿನ ಬಟ್ಟೆಯೊಂದನ್ನು ನನ್ನ ಹೆಗಲಿಗೆ ಹೊದಿಸಿದ. ನಾನು ಶಹರಿಸ್ತಾನದ ಚಿತ್ರ ಕೊಟ್ಟೆ.

ಮುರಗೋಡದ ಬಸ್ಸು

ಬೈಲಹೊಂಗಲದ ಮನೆಯಲ್ಲಿ ಗಂಟು ಇಳಿಸಿ ಮರುದಿನವೇ ಹಳ್ಳಿಗೆ ಹೊರಟೆವು. ಬಸ್ಸು ಮುರಗೋಡ ದಾಟಿ ನಮ್ಮ ಹಳ್ಳದ ಹತ್ತಿರ ಬಂದಾಗ ಹೊಸ ಪೂಲದ ಸಿಮೆಂಟಿನ ಕಂಬಗಳು ಕಂಡವು. ಎಡಕ್ಕೆ ನೋಡುವ ಧೈರ್ಯವಾಗದೆ ಕಣ್ಣು ಮುಚ್ಚಿದೆ.

"ಇದೇನ ವಿಮಾನ ಅಲ್ಲ, ಕಣ್ಣ ತಗೀರಿ" ಎಂದಳು ಗಂಗವ್ವ.

ತೆರೆದೆ. ನಡುಗಮಾನು ಬಲಕ್ಕೆ ವಾಲಿಕೊಂಡು, ಎಂದಿನ ಹಾಗೆಯೇ, ಮೂರೂ ನಿಂತಿದ್ದವು. ನಾನು ಬರುವ ಸುದ್ದಿ ಹೇಗೋ ತಿಳಿದು ಯಲ್ಲಪ್ಪ ಪೂಲದ ಕಟ್ಟೆಯ ಮೇಲೆ ಕೂತಿದ್ದ. ಬಸ್ಸು ಇಳಿದು ಅವನ ಹತ್ತಿರ ಹೋಗಿ, "ಎರಡನೇ ತಾರ ಯಾವಾಗ ಮುಟ್ಟಿತು?" ಎಂದೆ.

"ಮಂಗಳವಾರ."

"ಹಾರಿ ತಗೊಂಡ ಯಾವಾಗ ಬಂದಿದ್ರು?"

"ಸೋಮವಾರ."

ಲೆಕ್ಕ ನನಗೆ ಹತ್ತಲಿಲ್ಲ. "ಮೊದಲನೇದ್ದು?"

ಅಂಗಿಯ ಕಿಸೆಯಿಂದ ನಾಲ್ಕು ಮಡಿಕೆ ಮಾಡಿದ ಕಾಗದ ತೆಗೆದ. ಮಡಿಕೆಗಳು ಸವೆದು ಹರಿಯಲು ಬಂದಿದ್ದವು. "ಇದ ಶನಿವಾರನ ಬಂದಿತ್ತು. ತಾರ ಇನ್ನೂ ಬಂದಿಲ್ಲ, ಬಂದ ಮ್ಯಾಲ ನೋಡೂಣು ಅಂತ ಗುತ್ತೇದಾರಗ ಹೇಳಿ ಕಳಿಸಿದ್ನಿ."

"ಪೂಲ ಬ್ಯಾಡ ಅಂತ ಚೊಕ್ಕ ಬರದೈತಲ್ಲೋ. ನಿನಗ ಬೇಕಾಗಿದ್ದ ಅದ ಅಲ್ಲೇನು?"

"ಬೇಕಾಗಿತ್ತು, ಖರೇ." ಯಲ್ಲಪ್ಪ ಹಳ್ಳದ ಕಡೆ ನೋಡುತ್ತ ಕೂತ. "ಆದ್ರ ಅಪ್ಪನ ಪೂಲ ಬ್ಯಾಡ ಅಂತ ನೀ ಅಂದಿ ಅಂದ್ರ, ಅಲ್ಲಿ ನಿನಗೇನೋ ಆಗೇತಿ ಅನ್ಕೊಂಡ್ನಿ. ಜೀವಕ್ಕ ನೆಟ್ಟಗಿಲ್ಲ, ಯಾರೋ ಬರದ ಕಳಿಸ್ಯಾರ ಅಂತ. ಮೂರ ದಿನ ಅನ್ನ ಸೇರಲಿಲ್ಲ. ಮಂಗಳವಾರ ಸೇತುವೆ ಅಂತ ಬಂತು ನೋಡು, ಪುಸ್ತಕದ ಮಾತು, ಮಾಸ್ತರ ಆರಾಮ ಅದಾನ ಅಂತ ಆವಾಗ ಉಂಡ್ನಿ."

ಕೋಟಿನ ಕಿಸೆಯಿಂದ ಆಗಾ ಹಸನನ ನಾಣ್ಯ ತೆಗೆದು ತಮ್ಮನ ಅಂಗೈಯಲ್ಲಿಟ್ಟೆ. "ಇದಕ್ಕ ಅಲ್ಲಿ ಪೂಲ್ ಅಂತಾರ" ಎಂದು ಮೊದಲಿನಿಂದ ಎಲ್ಲ ಹೇಳಿದೆ. ನಡುವೆ ನಡುವೆ ಗಂಗವ್ವ ಉಪ್ಪು ಖಾರ ಹಾಕಿದಳು. ಯಲ್ಲಪ್ಪ ನಕ್ಕ, ಕಣ್ಣು ಒರೆಸಿಕೊಂಡ, ನಾಣ್ಯವನ್ನು ಹಿಂದುಮುಂದು ತಿರುಗಿಸಿ ನೋಡಿದ.

"ಇದೊಂದ ಪೂಲಿಗೆ ಎತ್ತ ಬರೂದಿಲ್ಲಲಾ ಅಣ್ಣಾ."

"ಎತ್ತಿಂದ ನನಗ ಬಿಡು. ಸವದತ್ತಿ ಸಂತಿಗೆ ಇಬ್ಬರೂ ಕೂಡಿ ಹೋಗೂಣು."

"ಅದ ಆಮ್ಯಾಲ. ಮೊದಲ ಮನಿಗೆ ನಡಿ. ಅವತ್ತ ಇಟ್ಟ ಚಹಾ ಬಿಟ್ಟ ಹೋಗಿದ್ದಿ" ಎಂದು ಎದ್ದ.

ಅಪ್ಪನ ಪೂಲ ದಾಟಿ ಅವನ ಮನೆಗೆ ಹೋದೆವು. ಚಹಾಕ್ಕೆ ಸಕ್ಕರೆ ಮೂರು ಪಟ್ಟು ಬಿದ್ದಿತ್ತು. ನಾನು ಅಷ್ಟನ್ನೂ ಕುಡಿದು, ಇನ್ನೊಂದು ಕಪ್ಪು ಕೇಳಿ ಇಸಿದುಕೊಂಡೆ.